ಬೆಲಾರೂಸೀ ಪುರುಷನಾಮಗಳ ಅರ್ಥವಿಚಾರ

ಮನುಷ್ಯರ ಹೆಸರುಗಳಿಗೆ ಅರ್ಥವುಂಟೇ ಇಲ್ಲವೇ ಎಂಬ ಜಿಜ್ಞಾಸೆಯು ಭಾರತೀಯ ವೈಯಾಕರಣರಲ್ಲಿ ಬಹು ಪ್ರಾಚೀನವಾದುದು. ಡಿತ್ಥ, ಡವಿತ್ಥ ಎಂಬ ಅವಯವಾರ್ಥವಿಲ್ಲದ ಸಂಜ್ಞೆಗಳನ್ನು ಅವರು ಒಂದು ಕಡೆ ಇಟ್ಟರು. ದೇವದತ್ತ, ಯಜ್ಞದತ್ತ ಎಂಬ ಸಮಸ್ತಪದಗಳನ್ನು ಮತ್ತೊಂದು ಕಡೆ ಇಟ್ಟರು. ಆದರೆ ದೇವದತ್ತಾ ಎಂದು ಕೂಗಿದಾಗ ‘ದೇವರಿಂದ ಕೊಡಲ್ಪಟ್ಟವನು’ ಎಂಬ ಯೋಗಾರ್ಥವು ಯಾರ ಬುದ್ಧಿಗೂ ತೋರುವುದಿಲ್ಲ. ಆ ಹೆಸರಿನ ಮನುಷ್ಯನೇ ತೋರುತ್ತಾನೆ. ರೂಢಿಯು ಯೋಗವನ್ನು ಅಡಗಿಸಿಬಿಡುವುದು. ಅಡಗಿದ ಅರ್ಥವು ನಷ್ಟವಾಗಿಲ್ಲವೆಂಬುದಕ್ಕೆ ದೂರದೇಶದ ಹೆಸರುಗಳೇ ಕೆಲವು ವೇಳೆ ಹೆಚ್ಚು ಸ್ಪಷ್ಟವಾದ ಸಾಕ್ಷಿಯನ್ನು ಹೇಳುತ್ತವೆ. ಅಂತಹ ಸಾಕ್ಷಿಗಳಲ್ಲಿ ಬೆಲಾರೂಸೀ ಜನರ ಪುರುಷನಾಮಗಳು ವಿಚಾರಕ್ಕೆ ಯೋಗ್ಯವಾಗಿವೆ.

ಬೆಲಾರೂಸ್ ದೇಶವು ರಷ್ಯ, ಉಕ್ರೇನ್, ಪೋಲೆಂಡ್, ಲಿಥುವೇನಿಯ, ಲಾತ್ವಿಯ ಎಂಬ ಐದು ದೇಶಗಳ ನಡುವೆ ಇರುವುದು. ೧೯೯೧ರಲ್ಲಿ ಸ್ವತಂತ್ರ ಗಣರಾಜ್ಯವಾಯಿತು. ಅಲ್ಲಿಯ ಭಾಷೆಯು ರಷ್ಯನ್ ಮತ್ತು ಉಕ್ರೇನೀ ಭಾಷೆಗಳ ಸೋದರಿ, ಸ್ಲಾವ್ ಕುಲದ ಪೂರ್ವಶಾಖೆಗೆ ಸೇರಿದುದು. ಗ್ರೀಕ್ ಸಂಪ್ರದಾಯದ ಪೂರ್ವಕ್ರೈಸ್ತಮತವೂ ರೋಮಿನ ಕ್ಯಾಥೊಲಿಕ್ ಮತವೂ ಅಲ್ಲಿ ಶತಮಾನಗಳಿಂದ ಒಂದೇ ಊರಿನಲ್ಲಿ ಬದಿಬದಿಯಾಗಿ ಇವೆ. ಈ ಭೂಗೋಳವೂ ಈ ಮತಸ್ಥಿತಿಯೂ ಆ ಹೆಸರುಗಳ ಮೇಲೆ ಅಚ್ಚೊತ್ತಿದಂತೆ ಕಾಣುತ್ತವೆ.

ಮೊದಲು ಬಹ್ದಾನ್ ಎಂಬ ಹೆಸರನ್ನು ತೆಗೆದುಕೊಳ್ಳಬಹುದು. ಇದರ ಪೂರ್ವಪದವಾದ ‘ಬೊಹ್’ ಎಂದರೆ ದೇವರು. ಉತ್ತರಪದವಾದ ‘ದಾನ್’ ಎಂದರೆ ಕೊಡಲ್ಪಟ್ಟವನು. ರಷ್ಯನ್ ಮುಂತಾದ ಕೆಲವು ಸ್ಲಾವ್ ಭಾಷೆಗಳಲ್ಲಿ ಗಕಾರವಿರುವ ಎಡೆಯಲ್ಲಿ ಬೆಲಾರೂಸಿಯಲ್ಲಿ ಹಕಾರದಂತಹ ಧ್ವನಿ ಕೇಳುವುದು. ಆದುದರಿಂದ ರಷ್ಯನ್ನರ ಬೊಗ್ದಾನ್ ಇಲ್ಲಿ ಬಹ್ದಾನ್. ಈ ‘ಬೊಗ್’ ಶಬ್ದವು ಸಂಸ್ಕೃತದ ‘ಭಗ’ ಶಬ್ದದ ಬಂಧು. ಸ್ಲಾವರು ಅದನ್ನು ಮೂಲಭಾಷೆಯಿಂದ ನೇರವಾಗಿ ಪಡೆದರೋ, ‘ಬಗ’ ಎಂಬುದಕ್ಕೆ ದೇವರೆಂದೇ ಅರ್ಥಮಾಡುತ್ತಿದ್ದ ಇರಾನೀ ಜನರಿಂದ ಪಡೆದರೋ ಎಂಬುದರಲ್ಲಿ ವಿವಾದವಿದೆ, ಬಾಂಧವ್ಯದಲ್ಲಿ ವಿವಾದವಿಲ್ಲ. ‘ದಾನ್’ ಎಂಬುದು ದಾ ಧಾತುವಿನ ಸಂತಾನವೆಂದು ಹೇಳಬೇಕಾದುದೇ ಇಲ್ಲ. ಹಾಗಾದರೆ ಬಹ್ದಾನ್ ಎಂಬುದನ್ನು ಸಂಸ್ಕೃತಕ್ಕೆ ತಿರುಗಿಸಿದರೆ ಧಾತುಗಳ ಸಹಿತ ದೊರೆಯುವ ರೂಪವು ಭಗದತ್ತ. ಸುಪ್ರತೀಕವೆಂಬ ಆನೆಯನ್ನೇರಿ ಕುರುಕ್ಷೇತ್ರದಲ್ಲಿ ಹೋರಿದ ಪ್ರಾಗ್ಜ್ಯೋತಿಷದ ಅರಸನ ಹೆಸರೂ, ಮೀನ್‌ಸ್ಕ್ ನಗರದ ಬೀದಿಯಲ್ಲಿ ತಾಯಿಯೊಬ್ಬಳು ಮಗನನ್ನು ಕರೆಯುವ ಹೆಸರೂ ಒಂದೇ ಎರಕದವು. ವೈಯಾಕರಣರ ದೇವದತ್ತನು ಇವರಿಬ್ಬರಿಗೂ ಅರ್ಥದಿಂದ ಸೋದರ.

ಸ್ಲಾವರ ಪ್ರಾಚೀನ ನಾಮಗಳು ಬಹುಮಟ್ಟಿಗೆ ಇಂತಹ ದ್ವಿಪದಸಮಾಸಗಳೇ. ಅವುಗಳಲ್ಲಿ ‘ಸ್ಲಾವ್’ ಎಂದು ಮುಗಿಯುವ ವರ್ಗವು ಅತ್ಯಂತ ದೊಡ್ಡದು: ಉಸ್ಯಸ್ಲಾವ್, ಸ್ವ್ಯತಸ್ಲಾವ್, ಯರಸ್ಲಾವ್, ಸ್ತನಿಸ್ಲಾವ್, ಬ್ರನಿಸ್ಲಾವ್, ಉಲಾದ್ಜಿಸ್ಲಾವ್. ‘ಸ್ಲಾವ’ ಎಂದರೆ ಕೀರ್ತಿ. ಅದರ ಸೋದರಶಬ್ದವಾದ ‘ಸ್ಲೋವ’ ಎಂದರೆ ಮಾತು. ಇವೆರಡೂ ಕೇಳು ಎಂಬರ್ಥದ ಶ್ರು ಧಾತುವಿಗೆ ಸಂಬಂಧಪಟ್ಟವು. ಸಂಸ್ಕೃತದ ‘ಶ್ರವಸ್’ ಶಬ್ದಕ್ಕೂ ಕೀರ್ತಿಯೆಂದೇ ಅರ್ಥ; ಗ್ರೀಕರ ‘ಕ್ಲೆಒಸ್’ ಕೂಡ ಅದೇ. ರೇಫ ಲಕಾರಗಳ ವಿನಿಮಯವು ಸಂಸ್ಕೃತಾಭ್ಯಾಸಿಗಳಿಗೆ ಹೊಸದಲ್ಲ. ನಾಲ್ಕು ಜನರ ಕಿವಿಗೆ ಬಿದ್ದುದೇ ಕೀರ್ತಿ ಎಂಬ ಭಾವನೆಯು ಈ ಎಲ್ಲ ಭಾಷೆಗಳಲ್ಲಿಯೂ ಒಂದಾಗಿ ನೆಲೆಸಿದೆ. ಋಗ್ವೇದದ ಸುಶ್ರವಸ್, ದೇವಶ್ರವಸ್, ಸತ್ಯಶ್ರವಸ್, ಉಪಮಶ್ರವಸ್ ಎಂಬ ಹೆಸರುಗಳನ್ನೂ, ಭಾರತದ ಭೂರಿಶ್ರವನನ್ನೂ, ರಾವಣ ಕುಬೇರರ ತಂದೆಯಾದ ವಿಶ್ರವಸ್ಸನ್ನೂ, ಕಠೋಪನಿಷತ್ತಿನ ಆರಂಭದಲ್ಲಿಯೇ ಬರುವ ವಾಜಶ್ರವಸನನ್ನೂ ಬಲ್ಲ ಓದುಗರಿಗೆ ಬೆಲಾರೂಸಿಯರ ಈ ಹೆಸರುಗಳ ಕಟ್ಟಡವು ಅಪರಿಚಿತವೆನಿಸದು.

ಇವುಗಳಲ್ಲಿ ಉಸ್ಯಸ್ಲಾವ್ ಎಂಬುದು ಆ ದೇಶದ ಚರಿತ್ರೆಗೆ ವಿಶೇಷವಾಗಿ ಸೇರಿದುದು. ೧೦೪೪ರಿಂದ ೧೧೦೧ರವರೆಗೆ ಪೊಲಾತ್ಸ್ಕ್ ಪಟ್ಟಣದಲ್ಲಿ ಆಳಿದ ಈ ಹೆಸರಿನ ಅರಸನನ್ನು ಜನರು ಮಾಂತ್ರಿಕನೆಂದು ನಂಬಿದ್ದರು. ಇಂದಿಗೂ ಅವನಿಗೆ ‘ಚರದ್ಜೇಯ್’, ಎಂದರೆ ಮಾಯಾವಿ, ಎಂಬ ಬಿರುದು ಅಂಟಿಕೊಂಡಿದೆ. ‘ಉಸ್ಯ’ ಎಂದರೆ ಎಲ್ಲ, ಸಮಸ್ತ. ಇದನ್ನು ಸಂಸ್ಕೃತದ ‘ವಿಶ್ವ’ ಶಬ್ದದೊಡನೆ ಭಾಷಾಶಾಸ್ತ್ರಜ್ಞರು ಹೋಲಿಸುವರು. ಧ್ವನಿಪರಿಣಾಮದ ವಿವರದಲ್ಲಿ ಮಾತ್ರ ಒಮ್ಮತವಿಲ್ಲ. ಸ್ವ್ಯತಸ್ಲಾವ್ ಎಂಬಲ್ಲಿ ‘ಸ್ವ್ಯತ’ ಎಂದರೆ ಪವಿತ್ರ. ಅವೆಸ್ತಾ ಗ್ರಂಥದ ‘ಸ್ಪೆಂತ’ ಶಬ್ದವು ಇದರ ಬಂಧು. ಸ್ತನಿಸ್ಲಾವ್ ಎಂಬಲ್ಲಿ ಸ್ಥಾ ಧಾತುವು ಮುಖ ತೋರುತ್ತದೆ. ಬೆಂಗಳೂರಿನ ಸಮೀಪದ ತಾತಗುಣಿಯಲ್ಲಿ ಬಹುಕಾಲ ನೆಲೆಸಿ ೧೯೯೩ರಲ್ಲಿ ತೀರಿಕೊಂಡ ರಷ್ಯನ್ ಚಿತ್ರಕಾರ ಸ್ವೆತೊಸ್ಲಾವ್ ರೋರಿಕ್ ಅವರ ಹೆಸರೂ ಈ ಕುಟುಂಬದ್ದೇ. ‘ಸ್ವೆತ’ ಎಂದರೆ ಬೆಳಕು. ಅದು ಸಂಸ್ಕೃತದ ‘ಶ್ವೇತ’. ಕನ್ನಡ ನಾಡಿನಲ್ಲಿ ಶ್ವೇತಶ್ರವಸ್ಸೊಬ್ಬರು ಬಾಳಿಹೋದರೆಂದು ಪಂಡಿತರು ವಿನೋದಕ್ಕೆ ಹೇಳಿಕೊಳ್ಳಬಹುದು.

‘ಮಿರ್’ ಎಂದು ಮುಗಿಯುವ ಹೆಸರುಗಳ ವಿಷಯದಲ್ಲಿ ಎಚ್ಚರಿಕೆ ಬೇಕು. ಉಲಾದ್ಜಿಮಿರ್ ಎಂಬುದಕ್ಕೆ ‘ಲೋಕವನ್ನು ಆಳುವವನು’ ಎಂದೋ ‘ಶಾಂತಿಯ ಒಡೆಯ’ ಎಂದೋ ಸುಲಭವಾಗಿ ಅರ್ಥಹೇಳುವುದುಂಟು. ‘ಮಿರ್’ ಶಬ್ದಕ್ಕೆ ಲೋಕ, ಶಾಂತಿ ಎಂಬ ಎರಡು ಅರ್ಥಗಳಿರುವುದು ನಿಜ. ಆದರೆ ಪ್ರಾಚೀನ ಲೇಖಗಳಲ್ಲಿ ಈ ಹೆಸರಿನ ಉತ್ತರಪದದ ಸ್ವರವು ಬೇರೆಯಾಗಿತ್ತು. ಆಗ ಅದರ ಅರ್ಥ ‘ದೊಡ್ಡವನು, ಪ್ರಸಿದ್ಧನು’ ಎಂದು. ಜರ್ಮನಿಕ್ ಜನರ ಹೆಸರುಗಳಲ್ಲಿಯೂ ಇದಕ್ಕೆ ಸಮಾನವಾದ ಪದವಿದೆ. ‘ಆಳ್ವಿಕೆಯಿಂದ ಮಹಾನ್’ ಎಂಬುದು ಮೂಲಾರ್ಥ. ಕಾಲಾಂತರದಲ್ಲಿ ಆ ಪದವು ಬಳಕೆ ತಪ್ಪಿತು. ಜನರು ತಮಗೆ ತಿಳಿದ ‘ಮಿರ್’ ಎಂಬುದನ್ನು ಅದರ ಜಾಗದಲ್ಲಿ ಕೇಳಿದರು. ಕಜಿಮಿರ್ ಎಂಬ ಹೆಸರಿನಲ್ಲಿ ಈ ತೊಡಕು ಇನ್ನೂ ಹೆಚ್ಚು. ಅದರ ಪೂರ್ವಪದಕ್ಕೆ ಕೆಡಿಸು ಎಂಬ ಅರ್ಥವಿರುವುದರಿಂದ ‘ಶಾಂತಿಭಂಜಕ’ ಎಂದು ಹೇಳಬೇಕಾಗುವುದು. ವಿಲ್ನದಲ್ಲಿ ಸಮಾಧಿಯಾಗಿರುವ, ೧೪೮೪ರಲ್ಲಿ ಇಪ್ಪತ್ತೈದರ ವಯಸ್ಸಿಗೇ ಮಡಿದ ಸಾಧು ಕಜಿಮಿರನಿಗೆ ಆ ಅರ್ಥವು ಎಷ್ಟು ಒಪ್ಪುವುದೋ ಓದುಗರೇ ಯೋಚಿಸಲಿ! ಯೋಗಾರ್ಥವನ್ನು ಹಿಡಿದು ಮನುಷ್ಯನ ಗುಣವನ್ನು ಊಹಿಸುವವರಿಗೆ ಈ ಒಂದು ಉದಾಹರಣೆ ಸಾಕು.

ಇಷ್ಟು ಸಮೃದ್ಧವಾದ ಈ ದೇಶ್ಯನಾಮಗಳಲ್ಲಿ ಬಹುಭಾಗವು ಬಳಕೆಯಿಂದ ಜಾರಿಹೋದುದಕ್ಕೆ ಕಾರಣವು ಮತಾಂತರ. ಕೀವಿನ ಅರಸನು ೯೮೮ರಲ್ಲಿ ಕ್ರೈಸ್ತಮತವನ್ನು ಸ್ವೀಕರಿಸಿದ ಬಳಿಕ ದೀಕ್ಷಾಸ್ನಾನದಲ್ಲಿ ಸಾಧುಗಳ ಹೆಸರನ್ನೇ ಇಡಬೇಕೆಂಬ ನಿಯಮ ಬಂದಿತು. ಆ ಅರಸನೇ ವ್ಲಾದಿಮಿರ್ ಎಂದು ಆಳಿ, ಚರ್ಚಿನೊಳಗೆ ವಸೀಲಿ ಎನಿಸಿಕೊಂಡನು. ಕೆಲವು ತಲೆಮಾರುಗಳವರೆಗೆ ಅರಸುಮಕ್ಕಳಿಗೆ ಹೀಗೆ ಎರಡೆರಡು ಹೆಸರುಗಳಿದ್ದುವು. ಯಾವ ಅರಸನು ಮುಂದೆ ಸಾಧುಪದವಿಯನ್ನು ಪಡೆದನೋ ಅವನ ದೇಶ್ಯನಾಮವು ಸಾಧುಗಳ ಪಂಚಾಂಗಕ್ಕೆ ಸೇರಿ ಉಳಿಯಿತು: ವ್ಲಾದಿಮಿರ್, ಬರೀಸ್, ಹ್ಲೆಬ್ ಇವು ಹೀಗೆ ಬದುಕಿದ ಹೆಸರುಗಳು. ಇವುಗಳಲ್ಲಿ ಹ್ಲೆಬ್ ಎಂಬುದು ಸ್ಕಾಂದಿನೇವಿಯದಿಂದ ಬಂದುದೆಂದು ಹೇಳುವರು; ಅಲೆಹ್, ಇಹರ್ ಎಂಬುವೂ, ಪೊಲಾತ್ಸ್ಕಿನ ಹತ್ತನೆಯ ಶತಮಾನದ ಅರಸ ರಹ್ವಲೋದನ ಹೆಸರೂ ಆ ದಿಕ್ಕಿನವೇ. ಮಾಂತ್ರಿಕನೆನಿಸಿಕೊಂಡ ಉಸ್ಯಸ್ಲಾವನಿಗೆ ಪಂಚಾಂಗದಲ್ಲಿ ಸ್ಥಳ ದೊರೆಯಲಿಲ್ಲ. ಅವನ ಹೆಸರು ಮತ್ತೆ ಶಿಶುಗಳಿಗೆ ದೊರೆತುದು ಇಪ್ಪತ್ತನೆಯ ಶತಮಾನದಲ್ಲಿ ದೇಶಾಭಿಮಾನವು ಎಚ್ಚತ್ತ ಮೇಲೆ.

ಸಾಧುಗಳ ಹೆಸರುಗಳಲ್ಲಿ ಗ್ರೀಕ್ ಮೂಲದವು ಹೇರಳ. ಪರಭಾಷೆಯಿಂದ ಬಂದ ಈ ಹೆಸರುಗಳಲ್ಲಿಯೂ ಸಂಸ್ಕೃತಜ್ಞರಿಗೆ ಪರಿಚಿತವಾದ ಮುಖಗಳು ಕಾಣುತ್ತವೆ. ಅಂದ್ರೇಯ್ ಎಂಬುದರ ಮೂಲವು ಗ್ರೀಕರ ‘ಅನೇರ್’, ಪುರುಷ. ಅದು ಸಂಸ್ಕೃತದ ‘ನೃ, ನರ’. ಅಲ್ಯಕ್ಸಾಂದರ್ ಎಂಬಲ್ಲಿ ಅದೇ ಶಬ್ದದ ಹಿಂದೆ ಕಾಪಾಡು ಎಂಬರ್ಥದ ಧಾತುವಿದೆ; ಅದು ರಕ್ಷ ಧಾತುವಿನ ಜ್ಞಾತಿ. ಆದುದರಿಂದ ಅಲೆಕ್ಸಾಂಡರನು ನರರಕ್ಷಕ. ಕಿರಿಲ್ ಎಂಬ ಹೆಸರು ‘ಕೂರಿಒಸ್’, ಒಡೆಯ, ಎಂಬುದರಿಂದ ಬಂದುದು; ಸಂಸ್ಕೃತದ ‘ಶೂರ’ ಶಬ್ದವು ಅದರ ಬಂಧು. ಹನ್ನೆರಡನೆಯ ಶತಮಾನದಲ್ಲಿ ತೂರವ್ ಪಟ್ಟಣದ ಬಿಷಪನಾಗಿದ್ದು ತನ್ನ ಧರ್ಮೋಪದೇಶಗಳಿಂದ ಪ್ರಸಿದ್ಧನಾದ ಕಿರಿಲನು ಈ ಹೆಸರನ್ನು ಬೆಲಾರೂಸಿಯರಿಗೆ ಪ್ರಿಯವಾಗಿಸಿದನು. ಯವ್ಹೇನ್ ಎಂಬುದು ಗ್ರೀಕರ ‘ಎಉಗೆನೇಸ್’: ಅವರ ‘ಎಉ’ ಸಂಸ್ಕೃತದ ‘ಸು’, ಅವರ ‘ಗೆನ್’ ಸಂಸ್ಕೃತದ ಜನ್ ಧಾತು, ಒಟ್ಟಿನಲ್ಲಿ ಸುಜಾತ. ಅಸ್ತಾಪ್ ಎಂಬ ಹಳ್ಳಿಗಾಡಿನ ಹೆಸರು ‘ಎಉಸ್ತಾಥಿಒಸ್’ ಎಂಬುದರ ಅವಶೇಷ: ಸು ಮತ್ತು ಸ್ಥಾ ಸೇರಿ ಸುಸ್ಥಿರ. ಪಿಲಿಪ್ ಎಂದರೆ ಅಶ್ವಪ್ರಿಯ. ಅದರ ಉತ್ತರಪದವಾದ ಗ್ರೀಕರ ‘ಹಿಪ್ಪೊಸ್’ ಸಂಸ್ಕೃತದ ‘ಅಶ್ವ’ವೇ. ಅಪನಾಸ್ ಎಂಬುದರ ಮೂಲವಾದ ‘ಅಥನಾಸಿಒಸ್’ ಶಬ್ದದ ಆದಿಯ ಅಕಾರವು ನಞರ್ಥದ್ದು, ಮರಣವಿಲ್ಲದವನು, ಅಮರ.

ಈ ಬಗೆಯ ಹೋಲಿಕೆಗಳಲ್ಲಿ ಉತ್ಸಾಹವು ಮಿತಿಮೀರಬಾರದು. ಫ್ಯೋದರ್ ಎಂಬ ಹೆಸರು ಗ್ರೀಕರ ‘ಥೆಒದೋರೊಸ್’, ದೇವದತ್ತ ಎಂಬರ್ಥದ್ದು. ‘ದೋರೊನ್’ ಎಂಬುದು ದಾ ಧಾತುವಿಗೆ ಸೇರಿದುದು ನಿಜ. ಆದರೆ ‘ಥೆಒಸ್’ ಎಂಬುದಕ್ಕೂ ‘ದೇವ’ ಎಂಬುದಕ್ಕೂ ಅರ್ಥವೂ ಧ್ವನಿಯೂ ಹತ್ತಿರವಾಗಿ ತೋರಿದರೂ ರಕ್ತಸಂಬಂಧವಿಲ್ಲ. ‘ದೇವ’ ಶಬ್ದದ ನಿಜವಾದ ಜ್ಞಾತಿಗಳು ಗ್ರೀಕರ ಜೀಯಸ್ ಮತ್ತು ಲ್ಯಾಟಿನ್ನಿನ ದೇಉಸ್.

ಹೀಬ್ರೂ ಮೂಲದ ಹೆಸರುಗಳು ಬೇರೆಯೇ ಕುಲದವು. ಇವಾನ್, ಯಾನ್ ಎಂಬುವು ‘ದೇವರು ಕೃಪೆಮಾಡಿದನು’ ಎಂಬ ವಾಕ್ಯದಿಂದ ಬಂದುವು. ಮಿಖಾಯಿಲ್ ಎಂಬುದು ‘ದೇವರಿಗೆ ಸಮಾನನಾರು?’ ಎಂಬ ಪ್ರಶ್ನೆ. ಯಾಜೇಪ್ ಎಂದರೆ ‘ಆತನು ಇನ್ನೂ ಕೂಡಿಸಲಿ’. ಸಂಸ್ಕೃತದಲ್ಲಿ ಹೆಸರು ಸಮಾಸವಾದರೆ ಹೀಬ್ರೂವಿನಲ್ಲಿ ಅದು ಹಲವು ವೇಳೆ ಪೂರ್ಣವಾಕ್ಯ. ಸಿಮೋನ್ ಎಂಬ ಹೆಸರು ‘ಕೇಳಿದನು’ ಎಂಬ ಕ್ರಿಯೆಯಿಂದ ಆದುದು. ಧಾತುವು ಬೇರೆಯಾದರೂ ಶ್ರವಣಾರ್ಥವು ಅಲ್ಲಿಯೂ ಹೆಸರಿಗೆ ಬೀಜವಾಗಿರುವುದು ಗಮನಾರ್ಹ. ಒಂದು ಕಡೆ ಕೇಳುವವರು ಜನರು, ಮತ್ತೊಂದು ಕಡೆ ದೇವರು.

ಈವರೆಗೆ ಹೇಳಿದುದು ಪ್ರಕೃತಿಯ ವಿಚಾರ. ಬೆಲಾರೂಸೀ ಹೆಸರುಗಳ ಸ್ವತ್ವವು ಇರುವುದು ವಿಕೃತಿಯಲ್ಲಿ. ಫ್ಯೋದರ್, ಯವ್ಹೇನ್ ಎಂಬ ಹೆಸರುಗಳು ಅರ್ಥದೃಷ್ಟಿಯಿಂದ ಯೂರೋಪಿಗೆಲ್ಲ ಸಮಾನ. ಅವನ್ನು ಬೆಲಾರೂಸಿಯರ ನಾಲಿಗೆಯು ಏನು ಮಾಡಿಕೊಂಡಿತೆಂಬುದೇ ಆ ಜನಕ್ಕೆ ವಿಶಿಷ್ಟವಾದುದು. ಕೇಶಿರಾಜನು ಶಬ್ದಮಣಿದರ್ಪಣದ ಅಪಭ್ರಂಶಪ್ರಕರಣದಲ್ಲಿ ಮಾಡಿರುವಂತಹ ವಿವೇಚನೆಯನ್ನು ಇಲ್ಲಿಯೂ ಮಾಡಬಹುದು. ಚರ್ಚಿನ ಗ್ರಂಥಗಳಲ್ಲಿರುವ ರೂಪವು ತತ್ಸಮಕ್ಕೆ ಸಮಾನ. ಹಳ್ಳಿಯ ಬಾಯಿಯ ರೂಪವು ತದ್ಭವ. ಪ್ರಾಚೀನ ಸ್ಲಾವರಿಗೆ ಫಕಾರದ ಊಷ್ಮಧ್ವನಿಯು ಸ್ವಂತವಾಗಿರಲಿಲ್ಲ. ಕನ್ನಡದ ಹಳ್ಳಿಗರ ಬಾಯಲ್ಲಿ ಕಾಫಿಯು ಕಾಪಿಯಾಗುವಂತೆ ಅಲ್ಲಿ ಫಿಲಿಪ್ಪನು ಪಿಲಿಪ್ ಆದನು. ಗ್ರೀಕರ ಥಕಾರವನ್ನೂ ಚರ್ಚಿನ ಪಾಠದಲ್ಲಿ ಫಕಾರದಂತೆ ಓದುತ್ತಿದ್ದುದರಿಂದ ಅಥನಾಸಿಯು ಅಫನಾಸಿಯಾಗಿ, ಅಲ್ಲಿಂದ ಅಪನಾಸ್ ಆದನು. ಎಉಸ್ತಾಥಿಯು ಅಸ್ತಾಪನಾದುದೂ ಈ ದಾರಿಯಲ್ಲಿಯೇ. ಫ್ಯೋದರನಿಗೆ ಎರಡು ತದ್ಭವಗಳು ದೊರೆತುವು: ಫಕಾರಕ್ಕೆ ‘ಖ್ವ’ ಎಂಬ ಸಂಯುಕ್ತವು ಬಂದು ಖ್ವೇದರ್, ತಕಾರವು ಬಂದು ತೋದರ್. ಗ್ರಿಗೋರಿಯು ತನ್ನ ಆದಿವ್ಯಂಜನವನ್ನು ಕಳೆದುಕೊಂಡು ರಿಹೋರ್ ಆದನು. ನಿಕೊಲಾಯ್ ಎಂಬುವನ ನಕಾರವು ಮಕಾರವಾಗಿ ಮಿಕಲಾಯ್, ಮಿಕೋಲ ಎಂದಾಯಿತು. ದ್ಮಿತ್ರಿಯು ಗ್ರಾಂಥಿಕವಾಗಿ ದ್ಜ್ಮಿತ್ರಿ, ಮನೆಮಾತಿನಲ್ಲಿ ಜ್ಮಿತ್ಸೆರ್. ಇದರ ಮೇಲೆ, ಬಲಾಘಾತವಿಲ್ಲದ ಒಕಾರವು ಅಕಾರವಾಗುವುದೆಂಬ ಸಾಮಾನ್ಯನಿಯಮವೊಂದಿದೆ. ರಷ್ಯನ್ನರು ಹಾಗೆ ಉಚ್ಚರಿಸಿದರೂ ಒಕಾರವನ್ನೇ ಬರೆಯುವರು. ಬೆಲಾರೂಸಿಯರು ನುಡಿದಂತೆ ಬರೆಯುವರು. ಆದುದರಿಂದ ಒಂದೇ ಹೆಸರು ರಷ್ಯನ್ನಿನಲ್ಲಿ ಓಕಾರಾದಿ, ಇಲ್ಲಿ ಅಕಾರಾದಿ.

ತದ್ಭವವು ತತ್ಸಮಕ್ಕಿಂತ ಕೀಳೆಂಬ ಭಾವನೆಯು ಎಲ್ಲ ದೇಶಗಳಲ್ಲಿಯೂ ಗುಮಾಸ್ತರಲ್ಲಿ ಪ್ರಬಲ. ಬೆಲಾರೂಸಿನಲ್ಲಿ ಅದು ಇಮ್ಮಡಿಯಾಯಿತು. ಏಕೆಂದರೆ ಅಲ್ಲಿ ಬರೆಯುವವರು ಇಬ್ಬರು. ಒಬ್ಬನೇ ರೈತನು ಕ್ಯಾಥೊಲಿಕ್ ಪುರೋಹಿತನ ಪುಸ್ತಕದಲ್ಲಿ ಪೋಲಿಷ್ ರೀತಿಯ ಹೆಸರಿನಿಂದಲೂ, ಜಾರ್ ಸರಕಾರದ ದಫ್ತರದಲ್ಲಿ ರಷ್ಯನ್ ರೀತಿಯ ಹೆಸರಿನಿಂದಲೂ, ಮನೆಯಲ್ಲಿ ಯಾಂಕ ಎಂದೂ ಇರುವುದು ಸಾಧ್ಯವಾಗಿತ್ತು. ಸಾಮಾನ್ಯವಾಗಿ ಯಾನ್ ಎಂದರೆ ಕ್ಯಾಥೊಲಿಕನೆಂದೂ ಇವಾನ್ ಎಂದರೆ ಪೂರ್ವಚರ್ಚಿನವನೆಂದೂ ಊಹಿಸುತ್ತಿದ್ದರು. ಯಾಂಕ ಎಂಬ ಮುದ್ದಿನ ರೂಪವೊಂದೇ ಇಬ್ಬರಿಗೂ ಸಲ್ಲುತ್ತಿತ್ತು.

ಲೇಖಕರ ಪ್ರಮಾದದಿಂದ ಹೆಸರು ಹುಟ್ಟಿದುದಕ್ಕೆ ಒಂದು ಸ್ವಾರಸ್ಯವಾದ ನಿದರ್ಶನವುಂಟು. ಪೊಲಾತ್ಸ್ಕಿನಲ್ಲಿ ಹುಟ್ಟಿ, ೧೫೧೭ರಲ್ಲಿ ಪ್ರಾಗ್ ನಗರದಲ್ಲಿ ದಾವಿದನ ಕೀರ್ತನಗ್ರಂಥವನ್ನು ಅಚ್ಚುಹಾಕಿದ ಸ್ಕರೀನನು ತನ್ನ ಮುದ್ರಣಗಳಲ್ಲಿ ತನ್ನನ್ನು ಫ್ರಂತ್ಸಿಸ್ಕ್ ಎಂದೇ ಕರೆದುಕೊಂಡಿದ್ದಾನೆ. ಆದರೆ ಅವನಿಗೆ ೧೫೩೨ರಲ್ಲಿ ದೊರೆತ ಲ್ಯಾಟಿನ್ ರಾಜಶಾಸನವೊಂದರಲ್ಲಿ ‘ಗೆಒರ್ಗಿ’ ಎಂಬ ಪದ ಕಾಣುವುದರಿಂದ ಅವನ ನಿಜನಾಮ ಗೆಒರ್ಗಿ ಎಂದು ಹಲವರು ವಾದಿಸಿದರು. ಸೋವಿಯತ್ ಕಾಲದ ಪುಸ್ತಕಗಳಲ್ಲಿ ಆ ಹೆಸರು ಮೆರೆಯಿತು. ಅದು ‘ಎಗ್ರೆಗಿ’, ಎಂದರೆ ಮಾನ್ಯನಾದ, ಎಂಬ ಗೌರವವಿಶೇಷಣವನ್ನು ನಕಲುಗಾರನು ತಪ್ಪಾಗಿ ಬರೆದುದೆಂಬುದು ಈಗ ಹೆಚ್ಚು ಮಂದಿ ವಿದ್ವಾಂಸರು ಒಪ್ಪುವ ಮತ. ‘ಮಹಾರಾಜರಾಜಶ್ರೀ’ ಎಂಬುದನ್ನೇ ಹೆಸರೆಂದು ತಿಳಿದಂತಾಯಿತು! ಓಲೆಗರಿಗಳ ಪಾಠಭೇದಗಳಲ್ಲಿ ತೊಳಲಿದವರಿಗೆ ಇದರ ಮರ್ಮವು ಚೆನ್ನಾಗಿ ತಿಳಿಯುವುದು.

ಉತ್ತರದ ಲಿಥುವೇನಿಯದಿಂದ ಬಂದ ಹೆಸರುಗಳು ಸಂಖ್ಯೆಯಲ್ಲಿ ಅಲ್ಪ, ಗೌರವದಲ್ಲಿ ಅಧಿಕ. ಬೆಲಾರೂಸ್ ಸೀಮೆಯು ಲಿಥುವೇನಿಯದ ಮಹಾಪ್ರಭುಗಳ ರಾಜ್ಯಕ್ಕೆ ಸೇರಿತ್ತು. ಆ ರಾಜ್ಯದ ೧೫೨೯, ೧೫೬೬ ಮತ್ತು ೧೫೮೮ರ ಧರ್ಮಶಾಸನಗಳು ಬೆಲಾರೂಸಿಯರು ತಮ್ಮ ಪ್ರಾಚೀನ ಭಾಷೆಯೆಂದು ಗಣಿಸುವ ರಾಜಭಾಷೆಯಲ್ಲಿ ರಚಿತವಾದುವು. ೧೩೪೫ರಿಂದ ೧೩೭೭ರವರೆಗೆ ಆಳಿದ ಅಲ್ಹೇರ್ದನ ಹೆಸರಿನ ಪೂರ್ವಪದ ‘ಅಲ್ಗ’, ವೇತನ. ಅದು ಸಂಸ್ಕೃತದ ‘ಅರ್ಘ’, ಬೆಲೆ. ಉತ್ತರಪದವು ಅಲ್ಲಿಯೂ ಕೇಳುವುದನ್ನೇ ಹೇಳುವುದು. ಹೇದಿಮಿನ್ ಎಂಬಲ್ಲಿ ಮನ್ ಧಾತುವಿನ ನೆನಪಿದೆ. ೧೪೩೦ರಲ್ಲಿ ಮಡಿದ ವಿತಾವ್ತನಿಗೆ ಮೂರು ಬಾರಿ ದೀಕ್ಷಾಸ್ನಾನವಾಯಿತು: ವಿಗಂಡ್ ಎಂದು ಒಮ್ಮೆ, ಅಲೆಕ್ಸಾಂಡರ್ ಎಂದು ಎರಡು ಬಾರಿ. ಜನರು ಅವನನ್ನು ನೆನೆದುದು ಸ್ನಾನವಿಲ್ಲದ ಹೆಸರಿನಿಂದಲೇ.

ಮುದ್ದಿನ ರೂಪಗಳ ವಿಷಯವನ್ನು ಸ್ವಲ್ಪ ವಿಸ್ತರಿಸಬೇಕು. ಅನುಕಂಪಾರ್ಥದಲ್ಲಿ ಮನುಷ್ಯನಾಮದ ಎರಡನೆಯ ಸ್ವರದ ಮುಂದಿನ ಭಾಗವನ್ನು ಲೋಪಮಾಡಿ ಪ್ರತ್ಯಯವನ್ನು ಹಚ್ಚುವ ವಿಧಿಯನ್ನು ಪಾಣಿನಿಯು ಐದನೆಯ ಅಧ್ಯಾಯದಲ್ಲಿ ಹೇಳಿದ್ದಾನೆ. ಅದರಿಂದ ದೇವದತ್ತನು ದೇವಿಕ, ದೇವಿಯ, ದೇವಿಲ ಎನಿಸುವನು. ಕನ್ನಡದಲ್ಲಿ ಕೃಷ್ಣನು ಕಿಟ್ಟನೂ ವೆಂಕಟೇಶನು ವೆಂಕನೂ ಆಗುವುದು ಎಲ್ಲರಿಗೂ ತಿಳಿದುದೇ. ಬೆಲಾರೂಸಿಯಲ್ಲಿ ಕನ್ಸ್ತನ್ತ್ಸಿನ್ ಎಂಬುದು ಕಸ್ತೂಸ್, ಮಿಖಾಯಿಲ್ ಎಂಬುದು ಮಿಖಾಸ್, ಯೂರಿ ಎಂಬುದು ಯುರಾಸ್, ಪ್ಯೋತರ್ ಎಂಬುದು ಪ್ಯತ್ರೂಸ್, ಅಲ್ಯಕ್ಸಾಂದರ್ ಎಂಬುದು ಅಲೇಸ್ ಆಗುವುವು. ಇತರ ಭಾಷೆಗಳಲ್ಲಿ ಇಂತಹ ರೂಪಗಳು ಹೊಸ್ತಿಲಿನ ಒಳಗೇ ಉಳಿಯುವುವು; ಬೆಲಾರೂಸಿಯರು ಇವನ್ನು ಸಾಹಿತ್ಯದ ಮುಖಪುಟಕ್ಕೆ ತಂದರು. ೧೮೬೩ರ ದಂಗೆಯ ನಾಯಕರಲ್ಲೊಬ್ಬನಾಗಿ ಮರುವರ್ಷ ವಿಲ್ನದಲ್ಲಿ ಗಲ್ಲಿಗೇರಿದ ಕಲಿನೋವ್ಸ್ಕಿಯು ಇಂದಿಗೂ ಕಸ್ತೂಸ್ ಎಂದೇ ಖ್ಯಾತನು. ತಾನು ರೈತರಿಗಾಗಿ ಹೊರಡಿಸಿದ ಪತ್ರಿಕೆಯಲ್ಲಿ ಅವನು ಹಾಕಿದ ಅಂಕಿತವು ‘ವಿಲ್ನದ ಬಳಿಯ ಬೇಸಾಯಗಾರ ಯಾಸ್ಕ’. ಯಾಸ್ಕ ಎಂಬುದು ಯಾನ್ ಎಂಬ ಹೆಸರಿನ ಮುದ್ದಿನ ರೂಪ. ನಿರುಕ್ತಕಾರನಿಗೂ ಇದಕ್ಕೂ ಧ್ವನಿಸಾಮ್ಯದ ಹೊರತು ಬೇರೆ ನಂಟಿಲ್ಲವೆಂದು ಹೇಳಿಬಿಡುವುದು ಕ್ಷೇಮ.

೧೯೦೬ರಿಂದ ೧೯೧೫ರವರೆಗೆ ವಿಲ್ನದಲ್ಲಿ ನಡೆದ ‘ನಾಶ ನೀವ’ ಪತ್ರಿಕೆಯ ಸುತ್ತ ಸೇರಿದ ಬರಹಗಾರರು ಈ ಪದ್ಧತಿಯನ್ನು ಸ್ಥಿರಪಡಿಸಿದರು. ಇವಾನ್ ಲುತ್ಸೇವಿಚ್ ಎಂಬ ಕವಿಯು ೧೮೮೨ರಲ್ಲಿ ಸಂತ ಯೋಹಾನನ ಕುಪಾಲ ಹಬ್ಬದ ಕಾಲಕ್ಕೆ ಹುಟ್ಟಿದವನಾದುದರಿಂದ ಯಾಂಕ ಕುಪಾಲ ಎನಿಸಿಕೊಂಡನು. ಅದೇ ವರ್ಷ ಹುಟ್ಟಿದ ಕನ್ಸ್ತನ್ತ್ಸಿನ್ ಮಿತ್ಸ್‌ಕೇವಿಚನು ಯಾಕುಬ್ ಕೋಲಸನಾದನು. ‘ಕೋಲಸ್’ ಎಂದರೆ ತೆನೆ. ದಫ್ತರದ ಇವಾನನನ್ನು ಬಿಟ್ಟು ಮನೆಯ ಯಾಂಕನನ್ನು ಹಿಡಿದುದು ಕೇವಲ ಕಾವ್ಯನಾಮದ ವಿಲಾಸವಲ್ಲ. ರೈತರ ಆಡುಮಾತೆಂದು ತಿರಸ್ಕೃತವಾಗಿದ್ದ ಭಾಷೆಯೊಂದು ತಾನು ಗ್ರಂಥಭಾಷೆಯೆಂದು ಹೇಳಿಕೊಂಡುದು ಹೀಗೆ, ಹೆಸರಿನಿಂದ ಮೊದಲಾಗಿ.

ಈ ಜಗ್ಗಾಟವು ಮುಗಿದಿಲ್ಲ. ೧೯೩೩ರಲ್ಲಿ ಸೋವಿಯತ್ ಸರಕಾರವು ಮಾಡಿದ ಬರಹದ ತಿದ್ದುಪಾಟು ಭಾಷೆಯನ್ನು ರಷ್ಯನ್ನಿಗೆ ಹತ್ತಿರಕ್ಕೆ ಎಳೆಯಿತು. ೧೯೯೦ರ ಶಾಸನದಿಂದ ಬೆಲಾರೂಸಿಯು ಏಕೈಕ ರಾಜಭಾಷೆಯಾಯಿತು. ೧೯೯೫ರ ಜನಮತಗಣನೆಯಿಂದ ರಷ್ಯನ್ನಿಗೂ ಸಮಾನಸ್ಥಾನ ದೊರೆಯಿತು. ಈ ಕಾರಣದಿಂದ ರಹದಾರಿ ಪತ್ರದಲ್ಲಿ ಒಬ್ಬನೇ ಮನುಷ್ಯನು ಒಂದು ಸಾಲಿನಲ್ಲಿ ಮಿಕಲಾಯ್ ಎಂದೂ ಮತ್ತೊಂದು ಸಾಲಿನಲ್ಲಿ ನಿಕೊಲಾಯ್ ಎಂದೂ ಇರುವುದು. ಮಿಕೋಲ ಎಂಬ ತಾಯಿಯ ಕರೆಗೆ ಮೂರನೆಯ ಸಾಲಿಲ್ಲ.

ಆದರೂ ತದ್ಭವಗಳಿಗೆ ಒಂದು ಭದ್ರವಾದ ಅಡಗುದಾಣ ದೊರೆತಿದೆ. ಪಾಣಿನಿಯ ಅಪತ್ಯಾರ್ಥಕ ತದ್ಧಿತಗಳಂತೆ ಬೆಲಾರೂಸಿಯಲ್ಲಿ ‘ಓವಿಚ್, ಏವಿಚ್’ ಎಂಬ ಪ್ರತ್ಯಯಗಳಿವೆ. ದಶರಥನ ಮಗನು ದಾಶರಥಿಯಾಗುವಂತೆ ಬಹ್ದಾನನ ಮಗನು ಬಹ್ದನೋವಿಚ್. ಇಂತಹ ರೂಪಗಳು ಕಾಲಕ್ರಮದಲ್ಲಿ ಮನೆತನದ ಹೆಸರುಗಳಾಗಿ ಗಟ್ಟಿಯಾದುವು. ಅವು ಗಟ್ಟಿಯಾದ ಕಾಲದಲ್ಲಿ ಹಳ್ಳಿಯ ನಾಲಿಗೆಯ ಮೇಲಿದ್ದ ಧ್ವನಿಗಳು ಅವುಗಳಲ್ಲಿ ಹಾಗೆಯೇ ನಿಂತುವು. ಚರ್ಚಿನ ರೂಪವನ್ನು ಹೊತ್ತ ಅಫನಾಸಿಯೊಬ್ಬನ ಮನೆತನವು ಅಪನಾಸೇವಿಚ್ ಆಗಿರಬಹುದು; ಫಿಲಿಪ್ಪನೆಂದು ಬರೆಯಿಸಿಕೊಳ್ಳುವವನ ನೆರೆಯವನು ಪಿಲಿಪೋವಿಚ್ ಆಗಿರಬಹುದು. ೧೮೯೧ರಲ್ಲಿ ಮೀನ್‌ಸ್ಕಿನಲ್ಲಿ ಹುಟ್ಟಿ ೧೯೧೭ರಲ್ಲಿ ಕ್ಷಯದಿಂದ ತೀರಿಹೋದ ಕವಿ ಮಕ್ಸೀಮ್ ಬಹ್ದನೋವಿಚನ ಹೆಸರಿನಲ್ಲಿ ಲ್ಯಾಟಿನ್ನಿನ ‘ಮಕ್ಸಿಮುಸ್’ ಶಬ್ದವು, ಎಂದರೆ ‘ಮಹತ್ತಮ’ನು, ಮುಂದೆ ನಿಂತಿದೆ, ಭಗದತ್ತನು ಅದರ ಬೆನ್ನಿಗಿದ್ದಾನೆ.